‘ತಿಳಿದಿಲ್ಲ’ ಎಂದು ಬರೆದವರು

ಅವರೂ ನಾನೂ ಮಂಡ್ಯದ ಒಂದೇ ಹೈಸ್ಕೂಲಿನಲ್ಲಿ ಆರು ವರ್ಷ ಕೆಲಸ ಮಾಡಿದೆವು. ಅವರು ಸೈನ್ಸ್ ಮೇಷ್ಟ್ರು, ನಾನು ಕನ್ನಡ ಪಂಡಿತ. ಆ ಆರರಲ್ಲಿ ಕೊನೆಯ ಒಂದು ವರ್ಷ ನಮ್ಮ ನಡುವೆ ಮಾತಿರಲಿಲ್ಲ. ಈ ಬೇಸಿಗೆಯ ರಜದಲ್ಲಿ ಸ್ಟೇಷನ್ ರಸ್ತೆಯಲ್ಲಿ ಎದುರಾದ ನಮ್ಮ ಹೆಡ್‌ಮಾಸ್ಟರು ಕೊಡೆ ಮಡಿಸುತ್ತಾ, “ನಿಮ್ಮ ಸೈನ್ಸ್ ಮೇಷ್ಟ್ರು ಹೋಗಿಬಿಟ್ಟರಂತಲ್ಲ, ಮಳವಳ್ಳಿಯಲ್ಲಿ. ವಿಷಮಶೀತ ಜ್ವರವಂತೆ. ಹನ್ನೆರಡು ದಿನ ಮಲಗಿದ್ದರಂತೆ” ಎಂದರು. ‘ಅಯ್ಯೋ’ ಎನ್ನುವ ಮೊದಲು ನನಗೆ ಬಂದದ್ದು ಸಿಟ್ಟು. ಇನ್ನೂ ಮುಗಿಯದ ಜಗಳವೊಂದನ್ನು ನನ್ನೊಬ್ಬನ ತಲೆಗೆ ಕಟ್ಟಿ ಎದ್ದು ಹೋದರಲ್ಲ ಎಂಬ ಸಿಟ್ಟು. ದುಃಖ ಆಮೇಲೆ ಬಂತು. ಸಿಟ್ಟು ಇನ್ನೂ ಹೋಗಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರ ಹೆಸರಿನ ಕೆಳಗೆ ಅವರದಲ್ಲದ ವಾಕ್ಯವೊಂದನ್ನು ಅಚ್ಚು ಹಾಕಿಸಿದ್ದೇನೆ. ಅದೇ ಸಾಕು.

ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯವರು. ಮನೆಯಲ್ಲಿ ಗದ್ದೆ ಇತ್ತು, ಅವರ ಕೈಯೂ ಗದ್ದೆಯ ಕೈಯೇ. ಸೀಮೆಸುಣ್ಣ ಹಿಡಿದರೆ ಅರ್ಧಕ್ಕೆ ಮುರಿಯುತ್ತಿತ್ತು. ಕ್ಲಾಸಿಗೆ ಬಂದವರೇ ತಲೆಯ ಕರಿ ಟೋಪಿ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟು, ಮುರಿದ ತುಂಡುಗಳನ್ನೆಲ್ಲ ಅದರೊಳಗೆ ಹಾಕುವರು. ಪಾಠ ಮುಗಿದ ಮೇಲೆ ಮರೆತು ಅದನ್ನೇ ತಲೆಗೆ ಇಟ್ಟುಕೊಂಡು ಬರುವರು. ಸ್ಟಾಫ್ ರೂಮಿನಲ್ಲಿ ಅವರು ಟೋಪಿ ತೆಗೆದಾಗ ಸುಣ್ಣದ ತುಂಡುಗಳು ಉದುರುವುದನ್ನು ನೋಡಿ ಹೆಡ್‌ಮಾಸ್ಟರು ಎರಡು ಸಲ ಹೇಳಿದರು, ಮೂರನೆಯ ಸಲ ಹೇಳಲು ಹೋಗಲಿಲ್ಲ.

ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲಿಯೇ ಒಬ್ಬ ಪ್ರೊಫೆಸರರ ಪ್ರಯೋಗಶಾಲೆಯಲ್ಲಿ ಎರಡು ವರ್ಷ ದುಡಿದಿದ್ದರು. ಅವರ ತಂದೆ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಹಿರಿಯ ಮಗ, ಊರಿಗೆ ಹತ್ತಿರವಾಗಲೆಂದು ಮೇಷ್ಟ್ರ ಕೆಲಸಕ್ಕೆ ಬಂದರು. ಯುದ್ಧ ಶುರುವಾಗುವ ಹಿಂದಿನ ವರ್ಷ ಅದು. ಬೆಂಗಳೂರಿನ ಗೆಳೆಯರೊಬ್ಬರು ಆಗೀಗ ಹಳೆಯ ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಯುದ್ಧ ಬಂತು, ಹಡಗುಗಳು ಮುಳುಗಿದವು, ಪತ್ರಿಕೆಗಳು ನಿಂತವು. ಯುದ್ಧದ ಸುದ್ದಿಯನ್ನು ಎಲ್ಲರೂ ನಕ್ಷೆ ಹಿಡಿದು ಚರ್ಚಿಸುತ್ತಿದ್ದಾಗ ಇವರು ಮಾತ್ರ, ಯಾವ ಹಡಗಿನಲ್ಲಿ ಯಾವ ತಿಂಗಳ ಸಂಚಿಕೆ ಮುಳುಗಿರಬಹುದು ಎಂದು ಲೆಕ್ಕ ಹಾಕುತ್ತಾ ಕೂತಿರುತ್ತಿದ್ದರು.

ಅವರದ್ದು ಒಂದೇ ಮಾತು: “ಯಾರು ನೋಡವ್ರೆ?”

ಡ್ರಿಲ್ ಮೇಷ್ಟ್ರು ಒಂದು ದಿನ, ಹುಣ್ಣಿಮೆಯಲ್ಲಿ ಬಿತ್ತಿದ ಕಾಳು ಬೇಗ ಮೊಳೆಯುತ್ತದೆ ಎಂದರು. “ಯಾರು ನೋಡವ್ರೆ?” ಎಂದರು ಇವರು. ಲೋಕವೆಲ್ಲ ನೋಡಿದೆ ಎಂದರು ಅವರು. ಆ ಅಮಾವಾಸ್ಯೆಗೆ ಒಂದು ಡಬ್ಬಿ, ಹುಣ್ಣಿಮೆಗೆ ಒಂದು ಡಬ್ಬಿ ಅವರೆಕಾಳು ಹಾಕಿ ಶಾಲೆಯ ಜಗುಲಿಯಲ್ಲಿಟ್ಟು, ದಿನವೂ ಡ್ರಿಲ್ ಮೇಷ್ಟ್ರನ್ನೇ ಕರೆದು ಅಳೆಸಿದರು. ಎರಡೂ ಹಾಕಿದ ಅಷ್ಟಷ್ಟೇ ದಿನಕ್ಕೆ ಮೊಳೆತವು. ಡ್ರಿಲ್ ಮೇಷ್ಟ್ರು ಆಮೇಲೆ ಅವರ ಜೊತೆ ಕಾಫಿಗೆ ಹೋಗುವುದನ್ನು ಬಿಟ್ಟರು. ಇವರಿಗೆ ಅದು ತಿಳಿದದ್ದೇ ಮೂರು ತಿಂಗಳ ಮೇಲೆ. “ಯಾಕ್ ಪಂಡಿತ್ರೇ, ಅವರು ಕಾಫಿ ಬುಟ್ಟವ್ರಾ?” ಎಂದು ನನ್ನನ್ನೇ ಕೇಳಿದರು.

ನಮ್ಮಿಬ್ಬರ ತರಗತಿಗಳ ನಡುವೆ ಗೋಡೆ ಇರಲಿಲ್ಲ, ಬಿದಿರಿನ ತಟ್ಟಿ ಇತ್ತು. ನನ್ನ ಷಟ್ಪದಿ ಅವರ ಹುಡುಗರಿಗೂ ಅವರ ರಸಾಯನ ನನ್ನ ಹುಡುಗರಿಗೂ ಕೇಳಿಸುತ್ತಿತ್ತು. ಹಾಗೆ ಒಂದು ದಿನ ತಟ್ಟಿಯ ಆಚೆಯಿಂದ ಕೇಳಿದ ಪಾಠ ಇದು. ಇಂದಿಗೂ ನನಗೆ ಬಾಯಿಪಾಠವಾಗಿ ಉಳಿದಿದೆ.

“ನಮ್ಮ ಮೈ ಕಣಗಳಿಂದ ಆಗಿದೆ. ಒಂದೊಂದು ಕಣದೊಳಗೂ ಒಂದು ತಿರುಳಿದೆ. ಆ ತಿರುಳಿನಲ್ಲಿ ಒಂದು ಹುಳಿ ಪದಾರ್ಥ ಇದೆ. ಅದು ಉದ್ದನೆಯ ಎಳೆ. ಆ ಎಳೆಯನ್ನ ಒಡೆದರೆ ತುಂಡು ತುಂಡಾಗುತ್ತೆ. ಒಂದೊಂದು ತುಂಡಲ್ಲೂ ಮೂರು ಭಾಗ. ಒಂದು ಸಕ್ಕರೆ. ಒಂದು ರಂಜಕದ ಹುಳಿ. ಒಂದು ಪ್ರತ್ಯಾಮ್ಲ. ಸಕ್ಕರೆಯೂ ರಂಜಕವೂ ಎಲ್ಲಾ ತುಂಡಲ್ಲೂ ಒಂದೇ. ಒಂದು ತುಂಡಿನ ಸಕ್ಕರೆಗೆ ಇನ್ನೊಂದು ತುಂಡಿನ ರಂಜಕ ಹಿಡಿದುಕೊಂಡು ಎಳೆ ಬೆಳೆಯುತ್ತೆ. ಪ್ರತ್ಯಾಮ್ಲ ಮಾತ್ರ ನಾಲ್ಕು ಥರ. ಬರಕೊಳ್ಳಿ. ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್.”

ಒಬ್ಬ ಹುಡುಗ ಎದ್ದು, “ಸಾರ್, ಆ ಸಕ್ರೆ ನಮ್ ಕಬ್ಬಿನ ಸಕ್ರೆನಾ?” ಎಂದ. ಕ್ಲಾಸೆಲ್ಲ ನಕ್ಕಿತು. ತಟ್ಟಿಯ ಈಚೆ ನನ್ನ ಕ್ಲಾಸೂ ನಕ್ಕಿತು. ಅವರು ನಗಲಿಲ್ಲ.

“ಸರಿಯಾಗಿ ಕೇಳ್ದೆ ಕಣ್ಲಾ. ಅಲ್ಲ. ಕಬ್ಬಿನ ಸಕ್ಕರೇಲಿ ಇಂಗಾಲದ ಪರಮಾಣು ಹನ್ನೆರಡು. ಇದರಲ್ಲಿ ಐದೇ. ಸೀ ಐತೋ ಇಲ್ವೋ ನಾನು ನೆಕ್ಕಿ ನೋಡಿಲ್ಲ.”

ಆವತ್ತು ಮಧ್ಯಾಹ್ನ ನಾನು ಹಿರಿತನ ತೋರಿಸಲು ಹೋದೆ. “ಇಷ್ಟು ಕಷ್ಟಪಡುವ ಬದಲು ಹೂವಿನ ಸರದಂತೆ ಎಂದು ಹೇಳಿಬಿಡಿ ಮೇಷ್ಟ್ರೇ, ಹುಡುಗರಿಗೆ ಹಿಡಿಯುತ್ತದೆ” ಎಂದೆ.

“ಬ್ಯಾಡಿ ಪಂಡಿತ್ರೇ. ಉಪಮೆ ಹಾಕ್ದೇಟ್ಗೆ ಐಕ್ಳು ಹೂವು ಇಟ್ಕತ್ತವೆ, ಹುಳಿ ಬುಡ್ತವೆ. ಸರ ಅಂದ್ರೆ ದಾರ ಎಲ್ಲಿ ಅಂತವೆ. ಇಲ್ಲಿ ದಾರ ಬೇರೆ ಹೂವು ಬೇರೆ ಅಲ್ಲ.”

ಉಪಮೆಯಿಂದ ಹೊಟ್ಟೆ ಹೊರೆಯುವವನ ಮುಂದೆ ಆಡುವ ಮಾತೇ ಇದು? ನನಗೆ ರೇಗಿತು. “ಅಷ್ಟಕ್ಕೂ ನಾಲ್ಕೇ ನಾಲ್ಕು ವಸ್ತು. ಅದರಲ್ಲಿ ಅಂಥದ್ದೇನಿದೆ?” ಎಂದೆ. ಅವರ ಮುಖ ಒಂದು ಥರ ಆಯಿತು. ದೊಡ್ಡ ದೊಡ್ಡ ವಿದ್ವಾಂಸರೂ ಅದನ್ನೇ ಹೇಳುತ್ತಾರೆ ಎಂದರು. ನಾಲ್ಕೂ ಸಮಸಮ ಇವೆ, ಒಂದು ಎರಡು ಮೂರು ನಾಲ್ಕು, ಮತ್ತೆ ಒಂದು ಎರಡು ಮೂರು ನಾಲ್ಕು, ಹೀಗೇ ಹೋಗುತ್ತದೆ, ಬರೀ ಜಡ ವಸ್ತು, ತಿರುಳಿನೊಳಗೆ ಆಸರೆಗೆ ನಿಲ್ಲಿಸಿದ ಕಂಬ ಅಷ್ಟೇ ಎಂದು ಪುಸ್ತಕಗಳಲ್ಲಿ ಬರೆದಿದ್ದಾರೆ. “ಆ ವರಸೇನ ಯಾರು ನೋಡವ್ರೆ? ಒಬ್ಬರೂ ನೋಡಿಲ್ಲ. ಸಮಸಮ ಇದೆ ಅನ್ನೋದೂ ಒರಟು ಲೆಕ್ಕ. ಗೊತ್ತಿಲ್ಲ ಅಂತ ಬರೆಯಕೆ ಏನ್ ಧಾಡಿ ಇವರಿಗೆ?”

ಆ ಸಂಜೆ ಮನೆಯಲ್ಲಿ ಕುಳಿತು ನಾನು ಒಂದು ಕೆಲಸ ಮಾಡಿದೆ. ಛಂದಸ್ಸಿನಲ್ಲಿ ಪ್ರಸ್ತಾರ ಹಾಕುವುದು ನಮಗೆ ಅಭ್ಯಾಸ. ಲಘು, ಗುರು ಎರಡೇ ಇದ್ದರೂ ಸ್ಥಾನ ಒಂದೊಂದು ಹೆಚ್ಚಿದ ಹಾಗೆ ವಿನ್ಯಾಸಗಳು ಇಮ್ಮಡಿಯಾಗುತ್ತಾ ಹೋಗುತ್ತವೆ. ಎರಡರ ಜಾಗದಲ್ಲಿ ನಾಲ್ಕು ಇಟ್ಟು, ಹತ್ತು ಸ್ಥಾನಕ್ಕೆ ಗುಣಿಸಿದೆ. ಹತ್ತು ಲಕ್ಷದ ನಲವತ್ತೆಂಟು ಸಾವಿರದ ಐನೂರ ಎಪ್ಪತ್ತಾರು ಬಂತು. ತಪ್ಪಿರಬೇಕೆಂದು ಇನ್ನೊಮ್ಮೆ ಗುಣಿಸಿದೆ. ಅಷ್ಟೇ ಬಂತು. ಬೆಳಿಗ್ಗೆ ಆ ಚೀಟಿಯನ್ನು ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಹತ್ತು ಜಾಗಕ್ಕೇ ಇಷ್ಟಾ?”

“ಹತ್ತಕ್ಕೇ.”

“ಎಳೆ ಹತ್ತಲ್ಲ ಪಂಡಿತ್ರೇ. ಸಾವಿರಗಟ್ಟಲೆ ಇರಬೌದು.” ಆಮೇಲೆ ನನ್ನ ಕೈಯನ್ನು ತಮ್ಮ ಒರಟು ಕೈಯಲ್ಲಿ ಹಿಡಿದು ಅಲುಗಿಸಿದರು. “ನಾನು ಇದನ್ನ ಮನಸಲ್ಲಿ ಇಟ್ಕಂಡು ಒದ್ದಾಡ್ತಿದ್ದೆ, ಗುಣಿಸಿ ನೋಡಿರ್ಲಿಲ್ಲ.”

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಯಾರೂ ಹೇಳಬಾರದು.

ಆ ಪದಾರ್ಥವನ್ನು ಕಣ್ಣಾರೆ ತೋರಿಸಬೇಕೆಂಬ ಹುಚ್ಚು ಅವರಿಗೆ. ಎಳೆಯ ಕುರಿಮರಿಗಳ ಎದೆಯ ಮೇಲ್ಭಾಗದಲ್ಲಿ ಮೆತ್ತನೆಯ ಒಂದು ಗ್ರಂಥಿ ಇರುತ್ತದೆ, ಅದರಿಂದ ತೆಗೆಯಬಹುದು, ಸ್ವಲ್ಪ ಶುದ್ಧ ಸ್ಪಿರಿಟ್ ಬೇಕು ಎಂದರು. ಗ್ರಂಥಿ ಸಿಕ್ಕುವುದು ಕಷ್ಟವಾಗಲಿಲ್ಲ. ಪೇಟೆಯ ಮಾಂಸದಂಗಡಿಯ ಸಾಬರು, “ಇದನ್ನ ನಾಯಿಗೆ ಹಾಕ್ತೀವಿ ಮೇಷ್ಟ್ರೇ, ನಿಮಗ್ಯಾಕೆ?” ಎಂದು ಕೇಳಿ, ಪಾಠಕ್ಕೆಂದ ಮೇಲೆ ಎಲೆಯಲ್ಲಿ ಕಟ್ಟಿ ಕೊಟ್ಟರು. ಸ್ಪಿರಿಟ್ಟಿಗೆ ಮಾತ್ರ ಅಬಕಾರಿಯವರ ಪರವಾನಗಿ ಬೇಕು. ಅರ್ಜಿ ಹೋಯಿತು. ಯಾವ ಪಾಠಕ್ಕೆ ಎಂದು ವಾಪಸು ಬಂತು. ಬರೆದು ಕಳಿಸಿದರು. ಆ ಪಾಠ ಪಠ್ಯಕ್ರಮದಲ್ಲಿಲ್ಲ ಎಂದು ಬಂತು. ಹೆಡ್‌ಮಾಸ್ಟರ ಶಿಫಾರಸು ಬೇಕೆಂದು ಬಂತು. ಹೆಡ್‌ಮಾಸ್ಟರು ಒಳ್ಳೆಯವರು, ಆದರೆ ಸ್ಪಿರಿಟ್ ಎಂಬ ಪದದ ಕೆಳಗೆ ಸಹಿ ಹಾಕಲು ಅವರ ಕೈ ಬರಲಿಲ್ಲ. ಕಡೆಗೆ ಒಂದು ವರ್ಷ ಕಳೆದು ಒಂದು ಪುಟ್ಟ ಶೀಷೆ ಬಂತು. ಅಷ್ಟರಲ್ಲಿ ಆ ಪಾಠ ಕೇಳಿದ ಹುಡುಗರೆಲ್ಲ ಪಾಸಾಗಿ ಹೋಗಿದ್ದರು.

ಒಂದು ಶನಿವಾರ ಬೆಳಿಗ್ಗೆ ಶಾಲೆಯ ಪ್ರಯೋಗದ ಕೋಣೆಗೆ ನನ್ನನ್ನು ಕರೆದರು. ಗ್ರಂಥಿಯನ್ನು ಮರಳಿನ ಜೊತೆ ಅರೆದು, ಗಾಢವಾದ ಉಪ್ಪುನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿದ್ದರು. ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತೆ. ನಮ್ಮ ಮನೆಯ ಆಚಾರಕ್ಕೆ ಆ ಕೋಣೆಗೆ ಕಾಲಿಡುವುದೇ ಹೆಚ್ಚು. ಅವರು ಬಟ್ಟಲಿಗೆ ಅಂಚಿನಿಂದ ನಿಧಾನವಾಗಿ ಸ್ಪಿರಿಟ್ ಇಳಿಸಿ, ಗಾಜಿನ ಕಡ್ಡಿ ಅದ್ದಿ ತಿರುಗಿಸಿದರು. ಎರಡು ದ್ರವ ಸೇರುವ ಕಡೆಯಿಂದ ಬಿಳಿಯ ಎಳೆಗಳು ಎದ್ದವು. ಕಡ್ಡಿಗೆ ಸುತ್ತಿಕೊಂಡವು. ಎತ್ತಿದರೆ ತುಂಡಾಗಲಿಲ್ಲ, ಜೋತುಬಿದ್ದವು. ನಾನು ಯಾವಾಗ ಬಾಗಿಲು ಬಿಟ್ಟು ಮೇಜಿನ ಹತ್ತಿರ ಹೋದೆನೋ ನೆನಪಿಲ್ಲ.

“ಇದೇನಾ?”

“ಪೂರ್ತಿ ಶುದ್ಧ ಅಲ್ಲ. ಜೊತೆಗೆ ಬೇರೆ ಕಸವೂ ಐತೆ. ಆದ್ರೆ ಇದೇಯಾ.”

ಸೋಮವಾರದ ಹೊತ್ತಿಗೆ ಶಾಲೆಯಲ್ಲಿ ಮಾಂಸ ಅರೆದರೆಂದು ಊರಲ್ಲಿ ಸುದ್ದಿಯಾಗಿ, ಕೆಲವು ತಂದೆಯರು ಬಂದು ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತರು. ಶೀಷೆಯಲ್ಲಿ ಉಳಿದ ಸ್ಪಿರಿಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಒಬ್ಬ ಹುಡುಗನೂ ಆ ಎಳೆಯನ್ನು ನೋಡಲಿಲ್ಲ.

ಆ ನಂತರ ಪುಸ್ತಕದ ವಿಷಯ ಬಂತು. ಹೈಸ್ಕೂಲಿಗೆ ಕನ್ನಡದಲ್ಲಿ ಜೀವವಿಜ್ಞಾನದ ಪಠ್ಯ ಬೇಕೆಂದು ಸಮಿತಿಯೊಂದು ಹಲವು ಮೇಷ್ಟ್ರುಗಳಿಗೆ ಅಧ್ಯಾಯಗಳನ್ನು ಹಂಚಿತು. ಜೀವಕಣದ ಅಧ್ಯಾಯ ಇವರಿಗೆ ಬಂತು, ಭಾಷೆ ತಿದ್ದುವುದು ನನಗೆ. ಆರು ತಿಂಗಳು ದಿನವೂ ಶಾಲೆ ಬಿಟ್ಟ ಮೇಲೆ ಜಗುಲಿಯಲ್ಲಿ ಕುಳಿತು ಜಗಳವಾಡಿದೆವು. ತಿರುಳಿನ ಆ ಹುಳಿ ಪದಾರ್ಥಕ್ಕೆ ನಾನು ‘ಕೇಂದ್ರಕಾಮ್ಲ’ ಎಂದೆ. ಅವರು ‘ತಿರುಳುಹುಳಿ’ ಎಂದರು.

“ತಿರುಳುಹುಳಿ ಎಂದರೆ ಅನ್ನಕ್ಕೆ ಕಲಸಿಕೊಳ್ಳುವುದು ಎಂದುಕೊಳ್ಳುತ್ತಾರೆ” ಎಂದೆ.

“ಕೇಂದ್ರಕಾಮ್ಲ ಅಂದ್ರೆ ಏನೂ ಅನ್ಕಳಲ್ಲ. ಅದಕ್ಕಿಂತ ಇದು ವಾಸಿ.”

ಅವರು ಬರೆದ ಕನ್ನಡದಲ್ಲಿ ಅಲಂಕಾರವೆಂಬುದೇ ಇರಲಿಲ್ಲ. ಪ್ರತಿ ವಾಕ್ಯವೂ ಗಿಡ್ಡ. ನಾನು ಉದ್ದ ಮಾಡಿದರೆ ಅವರು ಮತ್ತೆ ಕತ್ತರಿಸುವರು. ಆ ಅಧ್ಯಾಯದ ಕೊನೆಗೆ ತಿರುಳುಹುಳಿಯ ಬಗ್ಗೆ ಒಂದೂವರೆ ಪುಟ. ಅದರ ಕೊನೆಯ ವಾಕ್ಯ ಹೀಗಿತ್ತು: ‘ಈ ನಾಲ್ಕು ಪ್ರತ್ಯಾಮ್ಲಗಳು ಎಳೆಯಲ್ಲಿ ಯಾವ ಕ್ರಮದಲ್ಲಿ ಬರುತ್ತವೆ ಎಂಬುದು ಇನ್ನೂ ತಿಳಿದಿಲ್ಲ.’

ಸಮಿತಿ ಬೆಂಗಳೂರಿನಲ್ಲಿ ಸೇರಿತು. ಇಬ್ಬರೂ ಹೋಗಬೇಕಾಗಿತ್ತು. ಅವರು ಹಿಂದಿನ ದಿನ ತಂದೆಯನ್ನು ನೋಡಲು ಕೊಪ್ಪಕ್ಕೆ ಹೋಗಿದ್ದರು. ವಾಪಸು ಬರುವ ಬಸ್ಸು ಇದ್ದಿಲು ಗ್ಯಾಸಿನದು, ಯುದ್ಧಕಾಲದಲ್ಲಿ ಪೆಟ್ರೋಲು ಎಲ್ಲಿತ್ತು. ಅದು ದಾರಿಯಲ್ಲಿ ಕೆಟ್ಟು ನಿಂತಿತು. ಮದ್ದೂರಿನಲ್ಲಿ ಅವರು ಹತ್ತುತ್ತಾರೆಂದು ನಾನು ರೈಲಿನ ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದೆ. ಪ್ಲಾಟ್‌ಫಾರಂನಲ್ಲಿ ಅವರಿರಲಿಲ್ಲ. ಒಬ್ಬನೇ ಹೋದೆ.

ಅಧ್ಯಕ್ಷರು ವಯಸ್ಸಾದವರು, ನಯದ ಮಾತು. ತಿರುಳುಹುಳಿಯನ್ನು ಓದಿ ಎಲ್ಲರೂ ನಕ್ಕರು. ಅದನ್ನು ‘ನ್ಯೂಕ್ಲಿಯಿಕ್ ಆಮ್ಲ’ ಎಂದು ತಿದ್ದಿದರು. ಆಮೇಲೆ ಕೊನೆಯ ವಾಕ್ಯಕ್ಕೆ ಬಂದರು.

“ಪಂಡಿತರೇ, ಇದೇನು? ಪಠ್ಯಪುಸ್ತಕದಲ್ಲಿ ‘ತಿಳಿದಿಲ್ಲ’ ಎಂದು ಬರೆಯುತ್ತಾರೆಯೇ? ಹುಡುಗ ಪರೀಕ್ಷೆಯಲ್ಲಿ ಏನು ಉತ್ತರ ಬರೆಯಬೇಕು?”

“ವಿಷಯ ಇನ್ನೂ ನಿರ್ಧಾರವಾಗಿಲ್ಲವಂತೆ” ಎಂದೆ.

“ಆಗಿದೆಯಲ್ಲ. ಇಂಗ್ಲಿಷ್ ಗ್ರಂಥಗಳಲ್ಲೆಲ್ಲ ಒಂದೇ ಕ್ರಮ ಎಂದಿದೆ. ಕಾಗದದ ಅಭಾವ ನಿಮಗೂ ಗೊತ್ತು. ಒಂದೋ ಈ ಒಂದೂವರೆ ಪುಟ ತೆಗೆಯೋಣ, ಇಲ್ಲವೇ ವಾಕ್ಯ ಸರಿಮಾಡಿ. ಈಗಲೇ ಹೇಳಿ, ಪ್ರೆಸ್ಸಿಗೆ ಹೋಗಬೇಕು.”

ಒಂದೂವರೆ ಪುಟ ಉಳಿಯಲಿ ಎಂದು ಒಪ್ಪಿದೆ. ಇದು ನಾನು ಎಲ್ಲರಿಗೂ ಹೇಳಿದ ಕಾರಣ. ಇನ್ನೊಂದು ಕಾರಣವೂ ಇತ್ತು. ಆರು ತಿಂಗಳು ಆ ಮನುಷ್ಯ ನನ್ನ ಒಂದು ವಾಕ್ಯವನ್ನೂ ಇಡಗೊಡಲಿಲ್ಲ ಎಂಬ ಕಿಚ್ಚು. ನಾನು ಪೆನ್ನು ತೆಗೆದು ಅಲ್ಲೇ ಬರೆದೆ: ‘ಈ ನಾಲ್ಕೂ ಒಂದರ ಹಿಂದೊಂದು, ಅದೇ ಕ್ರಮದಲ್ಲಿ, ಜಪಮಾಲೆಯ ಮಣಿಗಳಂತೆ ಮರಳಿ ಮರಳಿ ಬರುತ್ತವೆ.’ ಅಧ್ಯಕ್ಷರು ಗಟ್ಟಿಯಾಗಿ ಓದಿ, “ಇದು ಕನ್ನಡ” ಎಂದರು. ನನಗೆ ಹಿತವಾಯಿತು. ಕೆಳಗೆ ಸಹಿ ಹಾಕಿದೆ.

ಮಂಡ್ಯಕ್ಕೆ ಬಂದ ಮೇಲೆ ಅವರಿಗೆ ಹೇಳಬಹುದಾಗಿತ್ತು. “ಎಲ್ಲ ಒಪ್ಪಿದರಾ?” ಎಂದು ಕೇಳಿದರು. “ಸಣ್ಣಪುಟ್ಟ ತಿದ್ದುಪಡಿ” ಎಂದೆ.

ಪುಸ್ತಕ ಜೂನ್ ತಿಂಗಳಲ್ಲಿ ಬಂತು. ತಟ್ಟಿಯ ಆಚೆ ಅವರು ಅಧ್ಯಾಯವನ್ನು ಓದುತ್ತಾ ಬಂದರು. ಕೊನೆಯ ವಾಕ್ಯದ ಅರ್ಧಕ್ಕೆ ನಿಂತರು. ನಾನು ಈಚೆ ಹಲಗೆಯ ಮೇಲೆ ಬರೆಯುತ್ತಿದ್ದವನು ಕೈ ನಿಲ್ಲಿಸಿದೆ. ಆಮೇಲೆ, “ಎಲ್ಲಾರೂ ಮಸಿ ತಗಳ್ರಲಾ. ಆ ಕೊನೇ ಸಾಲು ಹೊಡೆದು ಹಾಕಿ” ಎಂದರು.

ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಬಂದು ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟರು.

“ಇದು ನಿಮ್ಮ ಅಕ್ಷರ ಅಲ್ವಾ ಪಂಡಿತ್ರೇ?”

“ಅಚ್ಚಾದದ್ದು ಯಾರ ಅಕ್ಷರವೂ ಅಲ್ಲ” ಎಂದೆ. ಅಂಥ ಮಾತು ಬೇಕಿರಲಿಲ್ಲ.

“ಜಪಮಾಲೆ ಅಂತ ನಾನ್ ಬರೀತೀನಾ? ಹತ್ತು ಲಕ್ಷ ಗುಣಿಸಿ ತಂದೋರು ನೀವು. ಗೊತ್ತಿದ್ದೂ ಹಿಂಗ್ ಮಾಡುದ್ರಲ್ಲ.”

“ಇಲ್ಲದಿದ್ದರೆ ಪುಟವನ್ನೇ ತೆಗೆಯುತ್ತಿದ್ದರು.”

“ತೆಗೀಲಿ. ಇಲ್ದೇ ಇದ್ರೆ ಐಕ್ಳು ಮುಂದೆ ಎಂದಾದ್ರೂ ಕೇಳ್ತವೆ. ಸುಳ್ಳು ಏಳ್ಕೊಟ್ರೆ ಕೇಳೋದೇ ಬುಡ್ತವೆ.”

ಅಷ್ಟು ಹೇಳಿ ಹೋದರು. ಮರುದಿನದಿಂದ ನನ್ನ ಜೊತೆ ಮಾತಿಲ್ಲ. ನಾನೂ ಬಿಟ್ಟೆ. ಕ್ಷಮೆ ಕೇಳುವ ಬದಲು, ಅವರೇ ಬಂದು ಮಾತಾಡಲಿ ಎಂದು ವರ್ಷವಿಡೀ ಕಾದೆ.

ಆ ಮಾಘಮಾಸದಲ್ಲಿ ಇನ್‌ಸ್ಪೆಕ್ಟರು ಬಂದರು. ಅವರ ಹಿಂದೆ ಹೆಡ್‌ಮಾಸ್ಟರು, ಹೆಡ್‌ಮಾಸ್ಟರ ಹಿಂದೆ ನಾವೆಲ್ಲ. ಒಂಬತ್ತನೆಯ ತರಗತಿಯಲ್ಲಿ ಕೆರಗೋಡಿನ ಹುಡುಗನೊಬ್ಬನನ್ನು ಎಬ್ಬಿಸಿ, ಆ ನಾಲ್ಕು ಪ್ರತ್ಯಾಮ್ಲಗಳು ಯಾವ ಕ್ರಮದಲ್ಲಿವೆ ಎಂದು ಕೇಳಿದರು.

“ಗೊತ್ತಿಲ್ಲ ಸಾರ್.”

“ಓದಿಲ್ಲವೇ?”

“ಓದಿದೀನಿ ಸಾರ್. ಯಾರಿಗೂ ಗೊತ್ತಿಲ್ಲ ಸಾರ್.”

ಇನ್‌ಸ್ಪೆಕ್ಟರು ಪುಸ್ತಕ ತೆಗೆಸಿದರು. ಒಬ್ಬನ ಪುಸ್ತಕದಲ್ಲಿ ಸಾಲಿನ ಮೇಲೆ ಮಸಿ. ಪಕ್ಕದವನದ್ದರಲ್ಲೂ ಮಸಿ. ಎಲ್ಲರದ್ದೂ ಹಾಗೆಯೇ. ಅವರು ಮುಖಪುಟ ತಿರುವಿ, ಒಳಗಿನ ಹೆಸರುಗಳನ್ನು ಓದಿ, ಮೇಷ್ಟ್ರ ಕಡೆ ನೋಡಿದರು.

“ಈ ಅಧ್ಯಾಯ ಬರೆದವರು ನೀವೇ ಅಲ್ಲವೇ?”

“ಹೌದು ಸಾರ್.”

“ನೀವೇ ಬರೆದು ನೀವೇ ಹೊಡೆದು ಹಾಕಿಸುತ್ತೀರಾ? ಸರ್ಕಾರದ ಪುಸ್ತಕವನ್ನು?”

ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮೇಷ್ಟ್ರು ನನ್ನ ಕಡೆ ನೋಡಿದರು. ‘ಆ ವಾಕ್ಯ ನನ್ನದಲ್ಲ, ಅವರದು’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನಾದರೂ ಹೇಳಬಹುದಾಗಿತ್ತು. ಅವರು ಮುಖ ತಿರುಗಿಸಿ, “ಹೌದು ಸಾರ್, ತಪ್ಪಾಗಿತ್ತು. ತಿದ್ದಿಸ್ದೆ” ಎಂದರು.

ವರದಿ ಹೋಯಿತು. ಎರಡು ತಿಂಗಳಲ್ಲಿ ಮಳವಳ್ಳಿಯ ಮಿಡ್ಲ್ ಸ್ಕೂಲಿಗೆ ವರ್ಗವಾಯಿತು. ಅಲ್ಲಿ ಪ್ರಯೋಗಶಾಲೆ ಹೋಗಲಿ, ಬೀರುವೂ ಇಲ್ಲ. ಬೀಳ್ಕೊಡುಗೆಗೆ ಹಾರ ತರಿಸಿದ್ದರು. ಅವರು ಬರಲಿಲ್ಲ.

ಯುದ್ಧ ಮುಗಿದು ಕೆಲವು ತಿಂಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ಅವರು ನಿಂತಿದ್ದರು. ಸೊರಗಿದ್ದರು. ಬೆಂಗಳೂರಿನ ರೈಲು ಇಳಿದು ನೇರವಾಗಿ ಬಂದಿದ್ದರು. ಕುಳಿತವರು ಕ್ಷೇಮಸಮಾಚಾರ ಕೇಳಲಿಲ್ಲ.

“ಲೈಬ್ರರಿಗೆ ಯುದ್ಧಕಾಲದ ಸಂಚಿಕೆ ಎಲ್ಲ ಒಟ್ಟಿಗೆ ಬಂದವೆ ಪಂಡಿತ್ರೇ. ಮೂರು ದಿನ ಕೂತು ಓದ್ದೆ. ಅಮೆರಿಕದಲ್ಲಿ ಕೆಲವರು ಡಾಕ್ಟ್ರು ಒಂದು ಕೆಲಸ ಮಾಡವ್ರೆ. ನ್ಯುಮೋನಿಯಾ ತರೋ ಕ್ರಿಮೀಲಿ ಎರಡು ಜಾತಿ. ಒಂದಕ್ಕೆ ಮೈ ಮೇಲೆ ನುಣುಪಾದ ಕವಚ ಇರುತ್ತೆ, ಇನ್ನೊಂದಕ್ಕೆ ಇಲ್ಲ. ಕವಚ ಇರೋದನ್ನ ಸಾಯಿಸಿ, ಅದರೊಳಗಿನ ತಿರುಳುಹುಳಿ ತೆಗೆದು, ಕವಚ ಇಲ್ಲದ್ದಕ್ಕೆ ಕೊಟ್ರೆ, ಅದಕ್ಕೂ ಕವಚ ಬಂತು. ಅದರ ಮಕ್ಳಿಗೂ ಬಂತು, ಮೊಮ್ಮಕ್ಳಿಗೂ ಬಂತು.”

“ಅಂದರೆ?”

“ಅಂದ್ರೆ ಅದು ಆಸರೆ ಕಂಬ ಅಲ್ಲ. ವಂಶದ ಗುಣವ ಒತ್ಕಂಡು ಓಗೋದು ಅದೇ ಇರಬೌದು. ಒಂದೇ ವರಸೆ ಮತ್ತೆ ಮತ್ತೆ ಬಂದ್ರೆ ಅದು ಆಗತ್ತಾ? ಆಗಲ್ಲ. ಇನ್ನೂ ಯಾರೂ ಪೂರ್ತಿ ಒಪ್ಪಿಲ್ಲ. ನಾನೂ ಪೂರ್ತಿ ಗೊತ್ತಾಯ್ತು ಅನ್ನಲ್ಲ. ಆದ್ರೆ ನಮ್ಮ ಪುಸ್ತಕದಲ್ಲಿರೋದು ಇನ್ನು ನಿಲ್ಲೋ ಹಂಗಿಲ್ಲ.”

ನಾನು ಆಗ, ಆ ಕ್ಷಣ, ತಪ್ಪಾಯಿತು ಎಂದು ಹೇಳಬೇಕಿತ್ತು. “ಕಾಫಿ ತರಿಸಲೇ?” ಎಂದೆ.

“ಬ್ಯಾಡ. ಸಮಿತಿಗೆ ಕಾಗದ ಬರೀರಿ. ನಾನು ಬರೆದ್ರೆ ಅವರು ಓದಲ್ಲ. ನಿಮ್ಮ ಕನ್ನಡ ಅವರಿಗೆ ಇಷ್ಟ.”

ಬರೆದೆ. ಅವರು ಹೇಳಿದರು, ನಾನು ಅವರು ಹೇಳಿದಂತೆಯೇ ಗಿಡ್ಡ ವಾಕ್ಯಗಳಲ್ಲಿ ಬರೆದೆ. ಒಂದಕ್ಷರ ಸೇರಿಸಲಿಲ್ಲ. ಎರಡು ತಿಂಗಳ ಮೇಲೆ ಉತ್ತರ ಬಂತು. ಅಚ್ಚಾದ ಪ್ರತಿಗಳು ಇನ್ನೂ ಉಳಿದಿವೆ, ಅವು ಮುಗಿಯುವವರೆಗೆ ತಿದ್ದುಪಡಿ ಸಾಧ್ಯವಿಲ್ಲ. ಮತ್ತೊಂದು ಬರೆದೆ. ಸೂಚನೆಯನ್ನು ಗಮನಿಸಲಾಗಿದೆ ಎಂದರು. ಮೂರನೆಯದಕ್ಕೆ ಉತ್ತರವಿಲ್ಲ. ಪ್ರತಿ ಸಲವೂ ಉತ್ತರವನ್ನು ನಕಲು ಮಾಡಿ ಮಳವಳ್ಳಿಗೆ ಕಳಿಸಿದೆ. ಅವರಿಂದ ಒಂದೇ ಒಂದು ಕಾರ್ಡು ಬಂತು: ‘ಇನ್ನೊಂದು ಬರೀರಿ.’ ನಾನು ಶಾಲೆಯ ಪರೀಕ್ಷೆಗಳು ಮುಗಿಯಲಿ ಎಂದು ತಡಮಾಡಿದೆ. ಪರೀಕ್ಷೆಗಳು ಮುಗಿದವು, ರಜ ಬಂತು, ಹೆಡ್‌ಮಾಸ್ಟರು ರಸ್ತೆಯಲ್ಲಿ ಸಿಕ್ಕು ಸುದ್ದಿ ಹೇಳಿದರು.

ಮಳೆಗಾಲದಲ್ಲಿ ಸಮಿತಿ ಮತ್ತೆ ಸೇರಿತು. ಹಳೆಯ ಪ್ರತಿಗಳು ಮುಗಿದಿದ್ದವು. ನಾನು ಹಿಂದಿನ ವಾಕ್ಯವನ್ನು, ‘ಇನ್ನೂ ತಿಳಿದಿಲ್ಲ’ ಎಂಬುದನ್ನು, ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಅಧ್ಯಕ್ಷರು ಬೇರೆಯವರು.

“ಲೇಖಕರ ಒಪ್ಪಿಗೆ ಬೇಕಲ್ಲ?” ಎಂದರು.

“ಲೇಖಕರು ತೀರಿಕೊಂಡರು.”

“ಹಾಗಾದರೆ ಸುಲಭವಾಯಿತು. ಈ ಭಾಗ ಹುಡುಗರಿಗೆ ಕಷ್ಟ ಎಂದು ಎಲ್ಲ ಕಡೆಯಿಂದಲೂ ದೂರು. ಪೂರ್ತಿ ತೆಗೆದುಬಿಡೋಣ.”

ನಾನು ವಾದಿಸಿದೆ. ಜೀವಮಾನದಲ್ಲಿ ಅಷ್ಟು ಕೆಟ್ಟದಾಗಿ, ಅಷ್ಟು ತಡವರಿಸುತ್ತಾ ಎಂದೂ ಮಾತಾಡಿರಲಿಲ್ಲ. ವಿಜ್ಞಾನ ನನಗೆ ಗೊತ್ತಿದ್ದುದು ಅವರಿಂದ ಕೇಳಿದಷ್ಟೇ. ಕಡೆಗೆ ಸಹಿಗೆಂದು ಕಾಗದ ನನ್ನ ಮುಂದೆ ಬಂತು. ನಾನು ಹಾಕಲಿಲ್ಲ. “ನೀವು ಹಾಕದಿದ್ದರೂ ಪುಸ್ತಕ ಬರುತ್ತದೆ ಪಂಡಿತರೇ” ಎಂದರು ಅಧ್ಯಕ್ಷರು, ಸಿಟ್ಟಿಲ್ಲದೆ. ಕಾಗದ ಪಕ್ಕದವರಿಗೆ ಹೋಯಿತು.

ವಾಪಸು ಬರುವಾಗ ಮಂಡ್ಯಕ್ಕೆ ಟಿಕೆಟಿದ್ದರೂ ಮದ್ದೂರಿನಲ್ಲೇ ಇಳಿದು ಕೊಪ್ಪದ ಬಸ್ಸು ಹಿಡಿದೆ. ಅವರ ಹೆಂಡತಿ ಮಳವಳ್ಳಿಯ ಮನೆ ಬಿಟ್ಟು ಊರಿಗೆ ಬಂದಿದ್ದರು. ಜಗುಲಿಯಲ್ಲಿ ಮೊರದಲ್ಲಿ ಅವರೆ ಕೇರುತ್ತಿದ್ದರು. ಒಳಗೆ ಸೊಂಟ ಮುರಿದ ಮಾವ ಕೆಮ್ಮುತ್ತಿದ್ದರು. ನಾನು ಯಾರೆಂದು ಹೇಳಿದೆ.

“ಗೊತ್ತಾಯ್ತು ಅಯ್ನೋರೆ. ಕುಂತ್ಕಳಿ.”

ಏನೇನೋ ಹೇಳಿದೆ. ಅವರಂಥವರು ಇನ್ನೊಬ್ಬರಿಲ್ಲ ಎಂದೆ. ಆಕೆ ಮೊರ ನಿಲ್ಲಿಸದೆ ಕೇಳಿಸಿಕೊಂಡರು. ಕಡೆಗೆ, ಯಾವ ಮಾತು ಕೇಳಲು ಅಷ್ಟು ದೂರ ಹೋಗಿದ್ದೆನೋ ಅದನ್ನು ಕೇಳಿದೆ: “ನನ್ನ ವಿಷಯ ಏನಾದರೂ ಹೇಳುತ್ತಿದ್ದರೇ?”

“ಏಳ್ತಿದ್ರು. ನಿಮ್ ಮ್ಯಾಲೆ ಸಿಟ್ಟಿತ್ತು ಅವರ್ಗೆ. ಜರದಾಗೂ ಇತ್ತು. ನಾನ್ಯಾಕೆ ಸುಳ್ ಏಳ್ಲಿ.” ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು. “ಅದೇನೋ ಪುಸ್ತಕ ಪುಸ್ತಕ ಅಂತಿದ್ರಲ್ಲ. ಸರಿ ಮಾಡುಸ್ದ್ರಾ?”

“ಇಲ್ಲಮ್ಮ. ಆಗಲಿಲ್ಲ.”

“ಅಂಗಾರೆ ಏನ್ ಏಳಕೆ ಬಂದ್ರಿ?”

ಆಕೆಯ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ಪುಸ್ತಕದ ಆ ವಾಕ್ಯ ಅವರದಲ್ಲ, ನನ್ನದು ಎಂದೆ. ಮೊದಲಿಂದ ಹೇಳಿದೆ, ಸಮಿತಿ, ಜಪಮಾಲೆ, ಇನ್‌ಸ್ಪೆಕ್ಟರು, ನಾನು ಮೂರು ಹೆಜ್ಜೆ ದೂರದಲ್ಲಿ ಸುಮ್ಮನೆ ನಿಂತದ್ದು. ಅವರ ಮಾವನ ಕೆಮ್ಮು ನಿಂತಿತ್ತು, ಒಳಗಿಂದ ಅವರೂ ಕೇಳಿಸಿಕೊಳ್ಳುತ್ತಿದ್ದರು. ಆಕೆ ಪೂರ್ತಿ ಕೇಳಿ, “ಇದ ಅವರೆದುರ್ಗೆ ಏಳಿದ್ರೆ ಆಗಿರಾದು” ಎಂದರು.

ಹೌದು ಎಂದೆ. ಬಸ್ಸು ಬರುವ ಹೊತ್ತಾಗಿತ್ತು. ಆಕೆ ಮೊರ ಎತ್ತಿಕೊಂಡು ಮತ್ತೆ ಕೇರಲು ಶುರುಮಾಡಿದರು.